ಏರಿನ ಮೇಲಿನ ಕುರಿದಡ್ಡಿ

ಮಿರಜಿನಲ್ಲಿರುವ ನನ್ನ ತಮ್ಮನಿಗೆ ಬೆನ್ನುನೋವು ಶುರುವಾಯಿತು. ಬಾಗಿ ಕುಳಿತು ಸೈಕಲ್ ಹೊಡೆಯುವುದು ಬೇಡವೆಂದು ಡಾಕ್ಟರು ಹೇಳಿದ ಮೇಲೆ ಅವನು ತನ್ನ ಸೈಕಲ್ಲನ್ನು ತಂದು ಉಟಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿ ಹೋದ. ಬೆರಳಿನಷ್ಟು ಸಪೂರ ಟಯರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು. ನನಗಾಗಲೇ ಮೊಣಕಾಲು ಹಿಡಿಯುತ್ತಿತ್ತು. "ಅಕ್ಕಾ, ನಡಿಯೂದಕ್ಕಿಂತ ಇದು ಮೊಣಕಾಲಿಗಿ ಚಲೋ. ಹೊಡದ ನೋಡು" ಎಂದಿದ್ದ.

ನಮ್ಮದು ಊರಲ್ಲೇ ಕಿರಾಣಿ ಅಂಗಡಿ. ಬೆಳಿಗ್ಗೆ ಅಂಗಡಿ ತೆಗೆಯುವವರು ನಮ್ಮ ಮನೆಯವರು, ಹಾಗಾಗಿ ಆ ಹೊತ್ತು ನನ್ನದೇ. ಪಂಜಾಬಿ ಡ್ರೆಸ್ಸು, ತಲೆಗೆ ತಮ್ಮನದೇ ಹೆಲ್ಮೆಟ್ಟು ಹಾಕಿಕೊಂಡು ಬಿಳೂರಿನ ಕಡೆಯ ರಸ್ತೆ ಹಿಡಿಯುತ್ತಿದ್ದೆ. ಆ ದಾರಿಯಲ್ಲಿ ಮೊದಲ ಎಸ್.ಟಿ. ಬಸ್ಸು ಬರುವವರೆಗೆ ಸದ್ದೇ ಇರುವುದಿಲ್ಲ. ಜೋಳದ ಹೊಲಗಳ ನಡುವೆ ರಸ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಏರಿನಲ್ಲಿ ನನ್ನ ಉಸಿರು ನನಗೇ ಕೇಳುತ್ತದೆ. ಇಳಿಜಾರಿನಲ್ಲಿ ಕಿವಿತುಂಬ ಗಾಳಿ. ದೂರದ ದಿಬ್ಬದ ಮೇಲೆ ಪವನಚಕ್ಕಿಗಳು ತಿರುಗುತ್ತಿರುತ್ತವೆ. ಆ ವಯಸ್ಸಿನಲ್ಲಿ ನನಗೆ ಅಂಥ ಖುಷಿ ಸಿಕ್ಕೀತೆಂದು ನಾನು ಅಂದುಕೊಂಡಿರಲಿಲ್ಲ.

ಎರಡನೆಯ ಏರಿನ ನೆತ್ತಿಯಲ್ಲಿ, ರಸ್ತೆಗೆ ಹತ್ತಿಕೊಂಡೇ ಒಂದು ಕುರಿದಡ್ಡಿ ಇತ್ತು. ಸುತ್ತಲೂ ಜಾಲಿ ಮುಳ್ಳಿನ ಬೇಲಿ, ಒಳಗೆ ಕುರಿಗಳು, ಪಕ್ಕದಲ್ಲಿ ತಗಡಿನ ಒಂದು ಮನೆ. ಅಲ್ಲಿ ಒಬ್ಬ ಮುದುಕಿ ಮತ್ತು ಆಕೆಯ ಮಗ ಇರುತ್ತಿದ್ದರು. ನಾನು ಏರು ಹತ್ತಿ ಬರುವಾಗ ಮುದುಕಿ ಕೈಯಲ್ಲಿ ಕೋಲು ಹಿಡಿದು ನಿಂತಿರುತ್ತಿದ್ದಳು. ನಾನು ನಕ್ಕರೂ ನಗುತ್ತಿರಲಿಲ್ಲ. ಒಂದು ದಿನ ಆಕೆಯೇ ಕೇಳಿದಳು.

"ನೀವು ಮೋಜಣಿಯವರೇನ್ರಿ? ಜಮೀನ ಅಳ್ಯಾಕ ಬಂದೀರೇನು?"

"ಇಲ್ಲ ಆಯಿ, ಉಟಗಿಯವರ ನಾವು. ಸುಮ್ನ ಸೈಕಲ್ ಹೊಡೀತೀನಿ."

"ಸುಮ್ನ?" ಎಂದಳು. ಆ ಮಾತನ್ನು ಆಕೆ ಬಾಯಲ್ಲಿಟ್ಟುಕೊಂಡು ರುಚಿ ನೋಡಿದಂತಿತ್ತು. ಆಕೆಯ ಕಣ್ಣು ಹ್ಯಾಂಡಲ್ಲಿಗೆ ಕಟ್ಟಿದ ನನ್ನ ಮೊಬೈಲಿನ ಮೇಲೆಯೇ ಇತ್ತು. ಹೋದ ದಾರಿಯನ್ನು ನಕಾಶೆಯ ಮೇಲೆ ಗೆರೆ ಎಳೆದು ತೋರಿಸುವ ಆ್ಯಪ್ ಒಂದನ್ನು ತಮ್ಮ ಅದರಲ್ಲಿ ಹಾಕಿಕೊಟ್ಟಿದ್ದ.

ಅದಾದ ಮೇಲೆ ಸೈಕಲ್ಲು ಪಂಕ್ಚರ್ ಆಗತೊಡಗಿತು, ಅದೂ ಪ್ರತಿಸಲ ಆ ದಡ್ಡಿಯ ಮುಂದೆಯೇ. ಕೆಳಗಿಳಿದು ನೋಡಿದರೆ ಟಯರಿನಲ್ಲಿ ಜಾಲಿ ಮುಳ್ಳು. ಮೊದಲ ಸಲ ನಾನು ಏನೂ ಅಂದುಕೊಳ್ಳಲಿಲ್ಲ. ಮತ್ತೊಮ್ಮೆ ಆದಾಗ ಮುದುಕಿಯ ಕಡೆ ನೋಡಿದೆ. ಆಕೆ ಬೇಲಿಯ ಹಿಂದಿನಿಂದ ನಾನು ಟ್ಯೂಬು ಬದಲಿಸುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮತ್ತೆ ಅದೇ ಆದ ದಿನ ನನಗೆ ಅನುಮಾನವೇ ಉಳಿಯಲಿಲ್ಲ, ಈಕೆಯೇ ಮುಳ್ಳು ಹರವುತ್ತಿದ್ದಾಳೆ ಅನ್ನಿಸಿತು.

ಅದೇ ವಾರ ನಮ್ಮ ಮನೆಯವರು ಊಟಕ್ಕೆ ಕುಳಿತಾಗ ಹೇಳಿದರು. "ಆ ಏರಿನ ಮ್ಯಾಲಿನ ದಡ್ಡ್ಯಾಗ ಕುರಿ ಕಳುವಾಗ್ಯಾವಂತ. ಯಾರೋ ಗಾಡಿ ತಂದು ಹೇರಿಕೊಂಡ ಹೋಗ್ಯಾರ."

"ಅಯ್ಯ ಪಾಪ!"

"ಪಾಪ ಅನ್ನೂದು ಇರ್ಲಿ. ಅಂಗಡ್ಯಾಗ ನಿನ್ನ ಸುದ್ದಿ ಆಡಾಕತ್ತಾರ. ದಿನಾ ಆ ಹೆಣ್ಮಗಳು ದಡ್ಡಿ ಮುಂದ ನಿಂದರ್ತಾಳ, ಕಳ್ಳರಿಗಿ ಸುದ್ದಿ ಕೊಡ್ತಾಳೋ ಏನೋ ಅಂತ."

ನಾನು ನಗಲು ಹೋದೆ. ಅವರು ನಗಲಿಲ್ಲ. ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ, "ಅಲ್ಲಾ, ಅಲ್ಲೇ ಯಾಕ ನಿಂದರ್ತಿ ನೀ?" ಎಂದರು. ಇಷ್ಟು ವರ್ಷ ಒಟ್ಟಿಗೆ ಬದುಕಿದವರ ಬಾಯಲ್ಲಿ ಆ ಪ್ರಶ್ನೆ ಕೇಳಿ ನಾನು ಅರ್ಧ ಊಟಕ್ಕೇ ಎದ್ದುಬಿಟ್ಟೆ.

ಸೈಕಲ್ ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಜನ ಆಡಿದ್ದೇ ಖರೆ ಆಗುತ್ತದೆ ಎನ್ನಿಸಿ ಮರುದಿನವೂ ಹೊರಟೆ. ಊರು ದಾಟಿದ ಸ್ವಲ್ಪ ಹೊತ್ತಿಗೆ ಹಿಂದೆ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು. ದಾರಿ ಬಿಟ್ಟುಕೊಟ್ಟೆ, ಆದರೆ ಅದು ಮುಂದೆ ಬರಲಿಲ್ಲ. ನಾನು ನಿಧಾನ ಮಾಡಿದರೆ ಅದೂ ನಿಧಾನ, ನಾನು ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಟವೆಲ್ಲು ಮುಖಕ್ಕೆ ಸುತ್ತಿದ ಗಂಡಸು. ಎರಡೂ ಬದಿ ಎತ್ತರದ ಜೋಳ, ಕೂಗಿದರೆ ಕೇಳುವವರಿಲ್ಲ. ಮೊಣಕಾಲಿನ ನೋವು ಮರೆತು ತುಳಿದೆ. ಏರಿನ ನೆತ್ತಿಗೆ ಬಂದಾಗ ಮತ್ತೆ ಟಯರು ಉಸ್ಸೆಂದಿತು.

ಮೋಟಾರ್ ಸೈಕಲ್ಲು ಬಂದು ನನ್ನ ಮುಂದೆ ಅಡ್ಡ ನಿಂತಿತು. ಟವೆಲ್ಲು ಬಿಚ್ಚಿದವನು ಮುದುಕಿಯ ಮಗ.

"ಅಕ್ಕಾರ, ಆ ಮೊಬೈಲ್ ತೋರಸ್ರಿ."

ಭಯ ಹೋಗಿ ಸಿಟ್ಟು ಬಂತು. ಬಿಚ್ಚಿ ಅವನ ಕೈಗೇ ಕೊಟ್ಟೆ. ಅವನು ನಕಾಶೆಯ ಮೇಲೆ ಬೆರಳಾಡಿಸಿ, ಗೆರೆ ಹಿಡಿದು ಬಂದು ಒಂದು ಕಡೆ ನಿಲ್ಲಿಸಿದ. "ನೋಡ್ರಿ, ಇದು ನಮ್ಮ ದಡ್ಡಿ. ಗೆರಿ ಇಲ್ಲೇ ನಿಂತೈತಿ. ಯಾಕ?"

"ಪಂಕ್ಚರ್ ಆದ್ರ ನಿಂದರಬೇಕಲ್ಲಪ್ಪ! ನಿಮ್ಮವ್ವ ಮುಳ್ಳ ಹಾಕ್ತಾಳ, ನೀ ನನಗ ಕೇಳ್ತಿ?"

ಅಷ್ಟರಲ್ಲಿ ಮುದುಕಿ ಕೋಲು ಊರುತ್ತ ಬಂದಳು. "ನಾ ಯಾಕ ಮುಳ್ಳ ಹಾಕ್ಲಿ? ನನ್ನ ಕುರಿ ಇದ ದಾರ್ಯಾಗ ಅಡ್ಡಾಡಾಂಗಿಲ್ಲೇನು?"

ಆ ಮಾತು ನಿಜವೆನ್ನಿಸಿ ಮೂವರೂ ಕೆಳಗೆ ನೋಡಿದೆವು. ಡಾಂಬರಿನ ಮೇಲೆ, ದಡ್ಡಿಯ ಬಾಗಿಲಿನಿಂದ ರಸ್ತೆಯ ಆಚೆಯವರೆಗೆ, ಏನನ್ನೋ ಎಳೆದ ಗೀರುಗಳಿದ್ದವು. ಮಗ ತಲೆ ಕೆರೆದುಕೊಂಡ. ಬಾಗಿಲಿಗೆ ಅಡ್ಡ ಇಟ್ಟ ಜಾಲಿ ಕಂಟಿಯನ್ನು ಅವನೇ ದಿನಾ ಮುಂಜಾನೆ ರಸ್ತೆ ದಾಟಿಸಿ ಎಳೆದು ಎಸೆಯುತ್ತಿದ್ದ. ಕುರಿಗಳ ಗೊರಸಿಗೆ ತಾಗದ ಮುಳ್ಳಿನ ತುದಿಗಳು ನನ್ನ ಸಪೂರ ಟಯರಿಗೆ ನಾಟುತ್ತಿದ್ದವು.

ಯಾರೂ ತಪ್ಪಾಯಿತು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮುದುಕಿ ಮಾತ್ರ ಕರಾರು ಹಾಕಿದಳು. "ಇಲ್ಲಿ ಇಳದು ನಡಕೋಂತ ಹೋಗ್ರಿ. ಹಂಗ ಹೋದ್ರ ಮುಳ್ಳೂ ಕಾಣ್ತಾವ, ನನಗ ನೀವೂ ಕಾಣ್ತೀರಿ." ನಾನು ಒಪ್ಪಿದೆ. ಅಂದಿನಿಂದ ದಡ್ಡಿ ಬಂದಕೂಡಲೇ ಇಳಿದು, ಸೈಕಲ್ಲು ತಳ್ಳಿಕೊಂಡು, ಪೊಲೀಸ್ ಚೌಕಿ ದಾಟುವವಳ ಹಾಗೆ ಆಕೆಯ ಕಣ್ಣೆದುರು ಹಾದು ಹೋಗುತ್ತಿದ್ದೆ. ಬರಬರುತ್ತ ಒಂದೆರಡು ಮಾತೂ ಆದವು. ನನಗೆ ಮಕ್ಕಳೆಷ್ಟು, ಅಂಗಡಿಯಲ್ಲಿ ಬೆಲ್ಲ ಎಂಥದು ಎಂದು ಕೇಳುತ್ತಿದ್ದಳು. ಕೇಳುವಾಗಲೂ ಆಕೆಯ ಕಣ್ಣು ಮೊಬೈಲನ್ನು ಬಿಡುತ್ತಿರಲಿಲ್ಲ.

ಮಗ ಜತ್ತಿನ ಸಂತೆಗೆ ಹೋಗಿದ್ದ ಒಂದು ಮುಂಜಾನೆ, ನಾನು ಏರು ಹತ್ತುವಾಗಲೇ ದಡ್ಡಿಯ ಮುಂದೆ ಒಂದು ಪಿಕಪ್ ಗಾಡಿ ನಿಂತದ್ದು ಕಂಡಿತು. ಗಂಡಸರಿಬ್ಬರು ಕೆಳಗಿಳಿದಿದ್ದರು. ಮುದುಕಿ ಒಬ್ಬಳೇ ಕೋಲು ಅಡ್ಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡದ್ದೇ ತಡ, ಓಡಿ ಬಂದು ಹ್ಯಾಂಡಲ್ಲು ಹಿಡಿದುಕೊಂಡಳು.

"ಬರ್ರಿ ಅಕ್ಕಾರ, ಲಗೂನ ಬರ್ರಿ! ಇವರ ಗಾಡಿ ನಂಬರ್ ಹೊಡಕೋರಿ ನಿಮ್ಮ ಮೊಬೈಲ್‌ನ್ಯಾಗ. ನಮ್ಮ ಅಕ್ಕಾರ ಮೊಬೈಲ್‌ನ್ಯಾಗ ಎಲ್ಲಾ ಬರ್ತೈತಿ, ಯಾರು ಎಲ್ಲಿ ನಿಂತ್ರು, ಎಲ್ಲಿಗಿ ಹ್ವಾದ್ರು, ಎಲ್ಲಾ!"

ನಾನು ಮೊಬೈಲ್ ಬಿಚ್ಚಿ ಫೋಟೊ ತೆಗೆದೆ. ಗಂಡಸರಲ್ಲೊಬ್ಬ ಮರಾಠಿಯಲ್ಲಿ, ಬಿಳೂರಿನ ದಾರಿ ಕೇಳಲು ನಿಂತೆವು ಅಷ್ಟೇ ಎಂದ. ದಾರಿ ನೇರವಾಗಿಯೇ ಇತ್ತು, ಕೇಳುವಂಥದ್ದೇನೂ ಇರಲಿಲ್ಲ. ಗಾಡಿ ಇಳಿಜಾರಿನಲ್ಲಿ ಮರೆಯಾದ ಮೇಲೆ ಮುದುಕಿ ನನ್ನ ಹ್ಯಾಂಡಲ್ಲು ಬಿಟ್ಟಳು. ಒಳಗೆ ಕರೆದು ಚಹಾ ಕೊಟ್ಟಳು. ನಾನು ಕುಡಿಯುವಾಗ ಪಕ್ಕದಲ್ಲೇ ಕುಳಿತು, "ಫೋಟೋದಾಗ ನನ್ನ ಕುರಿ ಏನ್ ಬಂದಿಲ್ಲಲ್ಲ? ಬಂದಿದ್ರ ಅಳಸ್ರಿ" ಎಂದಳು.

ಕೆಲವು ದಿನಗಳ ನಂತರ ಬಿಳೂರಿನವರೆಗೂ ಹೋಗಿದ್ದೆ. ರಸ್ತೆ ಬದಿಯ ಮನೆಯೊಂದರ ಮುಂದೆ ಅದೇ ಪಿಕಪ್ ನಿಂತಿತ್ತು. ಆ ಇಬ್ಬರೇ ದಾಳಿಂಬೆಯ ಕ್ರೇಟುಗಳನ್ನು ಹೇರುತ್ತಿದ್ದರು. ನನ್ನನ್ನು ಕಂಡು ಕೈಕೆಲಸ ನಿಲ್ಲಿಸಿ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಒಬ್ಬ ಮೊಬೈಲ್ ತೆಗೆದು ನನ್ನ ಫೋಟೊ ಹೊಡೆದ. ನಾನು ತಲೆ ತಗ್ಗಿಸಿ ಜೋರಾಗಿ ತುಳಿದು ದಾಟಿಬಿಟ್ಟೆ.

ಮರಳುವಾಗ ಮುದುಕಿಗೆ ಎಲ್ಲವನ್ನೂ ಹೇಳಿದೆ. "ಆಯಿ, ಅವರು ದಾಳಿಂಬರಿ ವ್ಯಾಪಾರದವರು. ಸುಮ್ನ ಅನುಮಾನ ಮಾಡಿದ್ವಿ."

ಆಕೆ ಬೇಲಿಗೆ ಕಂಟಿ ಸಿಕ್ಕಿಸುತ್ತಿದ್ದಳು. ತಿರುಗಿಯೂ ನೋಡದೆ ಕೇಳಿದಳು. "ದಾಳಿಂಬರಿ ಹೇರೂ ಗಾಡ್ಯಾಗ ಕುರಿ ಹಿಡ್ಯಾಂಗಿಲ್ಲೇನು?"

ಕಳುವಾದ ಕುರಿಗಳು ಇಂದಿನವರೆಗೆ ಸಿಕ್ಕಿಲ್ಲ. ಈಗಲೂ ಬಿಳೂರಿನವರೆಗೆ ಹೋದಾಗಲೆಲ್ಲ ಆ ಮನೆಯ ಹತ್ತಿರ ತುಳಿಯುವುದನ್ನು ನಿಲ್ಲಿಸಿ, ಸೈಕಲ್ಲು ತನ್ನಷ್ಟಕ್ಕೆ ಉರುಳಲು ಬಿಟ್ಟು, ಗೋಡೆಯಾಚೆ ಎಲ್ಲಾದರೂ ಕುರಿ ಒದರುತ್ತದೆಯೇ ಎಂದು ಕಿವಿಗೊಡುತ್ತೇನೆ.