ಅವ್ವನ ಕಾಲಿಗೆ ಇಪ್ಪತ್ತು ಕೆಜಿ

ಪಟ್ಟಿ ಬಿಚ್ಚಿದಾಗ ಅವ್ವನ ಕಾಲು ನೋಡಿದೆ. ಮೀನಖಂಡ ಕರಗಿ, ಚರ್ಮ ಒಣಗಿ, ಬೇರೆ ಯಾರದೋ ಕಾಲಿನಂತಿತ್ತು. ಶೇಂಗಾ ಮಿಲ್ಲಿನ ಮೆಟ್ಟಿಲಲ್ಲಿ ಜಾರಿ, ಮೊಣಕಾಲಿನ ಕೆಳಗೆ ಮುರಿದುಕೊಂಡಿದ್ದಳು. ಚಳ್ಳಕೆರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೂಳೆ ಕೂಡುವುದು ನಿಧಾನವಾಗಿದೆ, ಹೀಗೇ ಬಿಟ್ಟರೆ ಕೂಡದೆಯೂ ಉಳಿಯಬಹುದು, ಇನ್ನು ಕಾಲಿಗೆ ಸ್ವಲ್ಪ ಸ್ವಲ್ಪ ಭಾರ ಕೊಡಬೇಕು, ಸದ್ಯಕ್ಕೆ ಇಪ್ಪತ್ತು ಕೆಜಿ ದಾಟಬಾರದು ಎಂದರು. ಅಷ್ಟು ಭಾರ ಮೂಳೆ ತಡೆಯುತ್ತಾ ಎಂದು ಕೇಳಿದೆ.

"ಸಾಮಾನ್ಯವಾಗಿ ತಡೆಯುತ್ತೆ."

ಮನೆಗೆ ಬಂದ ಅವ್ವ ಪಾದವನ್ನು ನೆಲಕ್ಕೆ ತಾಗಿಸಲೇ ಇಲ್ಲ. ರಾಂಪುರದಿಂದ ಬಂದಿದ್ದ ದೊಡ್ಡವ್ವ ಅವಳ ಪರ.

"ಮುರಿದ ಮೂಳೆ ಮೇಲೆ ಭಾರ ಹಾಕು ಅಂತಾರಲ್ಲ, ತಲೆ ಐತಾ ಇವ್ರಿಗೆ?"

ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಸುಮ್ಮನಿರುವುದನ್ನು ಕಲಿಸಿರಲಿಲ್ಲ. "ಮೂಳೆ ಕಲ್ಲಲ್ಲ ದೊಡ್ಡವ್ವ. ಒಳಗೆ ಜೀವಕೋಶ ಹುದುಗಿರ್ತವೆ, ಎಳೆ ಚಾಚಿ ಒಂದನ್ನೊಂದು ಮುಟ್ಕಂಡಿರ್ತವೆ. ಭಾರ ಬಿದ್ರೆ ಅವಕ್ಕೆ ಗೊತ್ತಾಗ್ತೈತೆ. ಮೂಳೆ ಕಟ್ಟೋ ಕೋಶಗಳಿಗೆ ಸುದ್ದಿ ಕಳಿಸ್ತವೆ. ಭಾರನೇ ಇಲ್ಲಾಂದ್ರೆ ಕಟ್ಟೋವನ್ನ ತಡೀತವೆ, ಕೆಡವೋವನ್ನ ಕರೀತವೆ."

"ನೀನು ಹೋಗಿ ಕೇಳಿಸ್ಕಂಡು ಬಂದ್ಯೇನೇ?"

"ಪರೀಕ್ಷೆ ಮಾಡಿ ನೋಡಿದವ್ರು ಬರ್ದವ್ರೆ."

"ಸರಿ. ಅವು ಸುದ್ದಿ ಕಳಿಸೋದ್ರೊಳಗೆ ಮೂಳೆ ಮುರಿದ್ರೆ?"

ದನಿ ಏರಿಸಿ ಬೇರೇನೋ ಹೇಳಿ ಗೆದ್ದೆ. ಆದರೆ ಡಾಕ್ಟರ 'ಸಾಮಾನ್ಯವಾಗಿ' ನನ್ನೊಳಗೆ ಕೂತುಬಿಟ್ಟಿತು. ಸ್ಪರ್ಧೆಯಲ್ಲಿ ಎದುರಾಳಿ ಆ ಪದ ಬಳಸಿದ್ದರೆ ಹರಿದು ಹಾಕುತ್ತಿದ್ದೆ. ಈಗ ಅದರ ಮೇಲೆ ಅವ್ವನ ಕಾಲಿಡಬೇಕಾಗಿತ್ತು.

ಬೆಳಿಗ್ಗೆ ಪಕ್ಕದ ಅಂಗಡಿಯಿಂದ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತಂದು ಅವಳ ಮುಂದಿಟ್ಟೆ.

"ನನ್ ತಂಗೀನ ಶೇಂಗಾ ಮೂಟೆ ಮಾಡ್ಬಿಟ್ಟಳು," ಎಂದ ದೊಡ್ಡವ್ವನ ಮುಖದಲ್ಲಿ ನಗುವಿರಲಿಲ್ಲ.

ಅವ್ವ ಕಿಟಕಿಯ ಸರಳು ಹಿಡಿದು, ಒಳ್ಳೆಯ ಕಾಲಿನ ಮೇಲೆ ಎದ್ದು ನಿಂತಳು. "ನಿನ್ ಕಾಲಾಗಿದ್ರೆ ಊರ್ತಿದ್ಯಾ? ನಿಜ ಹೇಳು."

"ಗೊತ್ತಿಲ್ಲವ್ವ."

ಅವಳು ಮುರಿದ ಕಾಲಿನ ಪಾದವನ್ನು ತಕ್ಕಡಿಯ ಮೇಲಿಟ್ಟಳು. ಕೆಂಪು ಅಂಕಿ ಮೂರಾಯಿತು, ಏಳಾಯಿತು. ಅವಳ ಮೇಲ್ದುಟಿಯ ಮೇಲೆ ಬೆವರು. ಹನ್ನೊಂದಾಗುವಾಗ ಲಟಕ್ ಎಂದಿತು.

"ತೆಗಿ ಅವ್ವ, ಸಾಕು, ತೆಗಿ."

"ಸದ್ದು ತಕ್ಕಡೀದು ಇರಬೇಕು," ಎಂದಳು ಅವ್ವ. ಆ 'ಇರಬೇಕು' ಕೇಳಿ ದೊಡ್ಡವ್ವ ಅವಳ ತೋಳು ಹಿಡಿದುಕೊಂಡಳು. ಅವ್ವ ಕಾಲು ತೆಗೆಯಲಿಲ್ಲ. "ಎಷ್ಟಾತು ನೋಡಿ ಹೇಳು. ನಂಗೆ ಬಗ್ಗಾಕಾಗಲ್ಲ."

"ಹದಿನಾಲ್ಕು," ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.