ಅಂಗಳದಲ್ಲಿ ಸಿಡಿದ ಭರಣಿಗಳು

ಎಂಬತ್ತರ ದಶಕದ ಮಾತು. ನನ್ನ ಗಂಡ ಕುಂಬಾರರ ಮನೆಯವನು. ಒಂದಷ್ಟು ವರ್ಷ ಚೀನಿ ಭರಣಿಯ ಕಾರ್ಖಾನೆಯಲ್ಲಿ ದುಡಿದು ಬಂದು, ಕಲಘಟಗಿ ಕಡೆಯ ನಮ್ಮೂರಲ್ಲೇ ಭಟ್ಟಿ ಕಟ್ಟಿದ. ಭಟ್ಟಿಯಿಂದ ಹೊರಬಂದಾಗ ಉಪ್ಪಿನಕಾಯಿ ಭರಣಿಗಳು ಥಳಥಳ ಹೊಳೆಯುತ್ತಿದ್ದವು. ಅಂಗಳದಲ್ಲಿಟ್ಟ ಮೇಲೆ ಶುರುವಾಗುತ್ತಿತ್ತು: ಟಿಣ್, ಟಿಣ್. ಒಂದೊಂದು ಸದ್ದಿಗೂ ಮೇಲಿನ ಗಾಜಿನ ಲೇಪದಲ್ಲಿ ಕೂದಲೆಳೆಯ ಬಿರುಕು. ಉಪ್ಪಿನಕಾಯಿ ತುಂಬಿಟ್ಟರೆ ಅದರೊಳಗಿಂದ ಉಪ್ಪುನೀರು ಒಸರುತ್ತಿತ್ತು. ಕೊಂಡವರು ತಂದು ಬಾಗಿಲಿಗೆ ಎಸೆದು ಹೋಗುತ್ತಿದ್ದರು.

ಅವನು ಕಬ್ಬಿಣದ ಹಾರೆ ತೆಗೆದುಕೊಂಡು ಭರಣಿಗಳನ್ನು ಪುಡಿಗಟ್ಟುತ್ತಿದ್ದ. ಅವು ಮುಗಿದ ಮೇಲೆ ನನ್ನ ಸರದಿ.

“ತಣ್ಣಗಾಗೂದರಾಗ ಭಟ್ಟಿ ಬಾಯಿ ತಗದಿ ನೀ. ಗಾಳಿ ಹೊಕ್ಕೈತಿ!”

“ನಾ ಮುಟ್ಟಿಲ್ರಿ.”

ಕಪಾಳಕ್ಕೆ ಬಿದ್ದ ಏಟಿಗೆ ಒಮ್ಮೆ ಕಿವಿಯೊಳಗೂ ಟಿಣ್ ಎಂದಿತು. ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡೆ, ಮಾಡದ ತಪ್ಪನ್ನು ಇನ್ನು ಹೊರುವುದಿಲ್ಲ ಎಂದು.

ಮುಂದಿನ ಸಲ ಬೆಂಕಿ ಆರಿದಾಗ ಅವನ ಕೈಯಿಂದಲೇ ಭಟ್ಟಿಯ ಬಾಯಿಗೆ ಮಣ್ಣು ಮೆತ್ತಿಸಿ, ಅತ್ತೆಯನ್ನು ಕಾವಲಿಗೆ ಕೂರಿಸಿ, ಅಣ್ಣಿಗೇರಿಯ ತವರಿಗೆ ಹೊರಟುಹೋದೆ. ಪೂರ್ತಿ ತಣ್ಣಗಾಗಿ, ಅವನೇ ಬಾಯಿ ತೆಗೆದ ದಿನ ಮರಳಿ ಬಂದೆ. ಅಂಗಳದ ತುಂಬ ಟಿಣ್, ಟಿಣ್. ಅವನ ಕೈಯಲ್ಲಿ ಹಾರೆ.

“ಈ ಸಲ ಯಾರಿಗೆ ಹೊಡೀತೀರಿ?” ಎಂದೆ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆ ಎದ್ದು ಬಂದು ಮಗನೆದುರು ನಿಂತರು. “ನನಗ ಹೊಡಿಯೋ. ಭಟ್ಟಿ ಕಾದಾಕಿ ನಾನು.”

ಅವನು ಹಾರೆ ಬಿಸುಟು ಒಳಗೆ ಹೋದ.

ಆಮೇಲೆ ಅವನ ತಲೆ ಓಡಿತು. ತಪ್ಪು ಗಾಳಿಯದಲ್ಲ, ಲೇಪದ್ದು. ತಣ್ಣಗಾಗುವಾಗ ಲೇಪ ಮಣ್ಣಿಗಿಂತ ಹೆಚ್ಚು ಕುಗ್ಗಿ, ಬಿಗಿಯಾದ ಕುಪ್ಪಸ ಹರಿದ ಹಾಗೆ ಸೀಳುತ್ತಿತ್ತು. ಲೇಪ ಅಷ್ಟು ಕುಗ್ಗದಿರಲು ಅದರಲ್ಲಿ ಬೆಣಚುಕಲ್ಲಿನ ಪುಡಿ ಹೆಚ್ಚಿಸಬೇಕಿತ್ತು. ಗುಡ್ಡದಿಂದ ಆರಿಸಿ ತಂದ ಕಲ್ಲನ್ನು ಕೆಂಪಗೆ ಕಾಸಿ ನೀರಿಗೆ ಹಾಕಿದರೆ ಚುರ್ರೆಂದು ಬಿರಿಯುತ್ತಿತ್ತು. ಅದನ್ನು ಅದೇ ಹಾರೆಯಿಂದ ನಾನು ಕುಟ್ಟಿದೆ. ಒಂದೊಂದು ಕಲ್ಲಿನಲ್ಲೂ ಅವನ ಮುಖ ಕಂಡು ಕುಟ್ಟಿದೆ. ಪುಡಿ ಹಿಟ್ಟಿನಷ್ಟು ನುಣ್ಣಗಾಯಿತು.

ಅದನ್ನು ಬೆರೆಸಿ ಸುಟ್ಟ ಭರಣಿಗಳನ್ನು ಅಂಗಳದಲ್ಲಿಟ್ಟು ಕಾದೆವು. ಸಂಜೆಯಾದರೂ ಒಂದೂ ಸದ್ದು ಮಾಡಲಿಲ್ಲ. ನಾನು ಮುಂದಿನ ಭಟ್ಟಿಗೆ ಕಲ್ಲು ಕುಟ್ಟುತ್ತಿದ್ದೆ. ಅವನು ನಗುತ್ತ ಬಂದು, ನನ್ನ ಕೆನ್ನೆ ಸವರಲು ಕೈ ಎತ್ತಿದ. ನನಗೇ ಅರಿವಾಗುವ ಮೊದಲು ಹಾರೆ ಅವನ ತಲೆಯ ಮಟ್ಟಕ್ಕೆ ಎದ್ದಿತ್ತು.

ಅವನ ಮುಖ ಬಿಳಚಿಕೊಂಡಿತು. “ನಾ ಹೊಡಿಯಾಕ ಬಂದಿಲ್ಲ.”

“ಅದು ನನಗ ಹೆಂಗ ಗೊತ್ತಾಗಬೇಕ್ರಿ?” ಎಂದೆ. ಹಾರೆ ಇಳಿಸಲಿಲ್ಲ.