ಮರುಭೂಮಿಗೆ ಬೋರ್ಡೋ ಹೊಡೆದದ್ದು

ಹಾಸನದ ಕಣ್ಣಿನ ಡಾಕ್ಟರು ನನ್ನ ತಮ್ಮನಿಗೆ ಇಂಗ್ಲಿಷಿನಲ್ಲಿ ಬಹಳ ಪೊಲೈಟಾಗಿ ಹೇಳಿದರು: ಕಣ್ಣಿನ ನಡುಭಾಗ ಒಣಗುತ್ತಿದೆ, ಮೊದಲು ಮುಖಗಳು ಹೋಗುತ್ತವೆ, ನೋಟದ ಅಂಚು ಮಾತ್ರ ಉಳಿಯುತ್ತದೆ, ಮದ್ದಿಲ್ಲ. ಆರ್ಮಿಯಲ್ಲಿದ್ದವನು, "ಥ್ಯಾಂಕ್ಯೂ ಡಾಕ್ಟರ್" ಎಂದು ನೆಟ್ಟಗೆ ಎದ್ದು ಬಂದ. ಜೀಪು ಆನೇಮಹಲ್ ದಾಟಿ ಹಾನುಬಾಳಿನ ರಸ್ತೆಗೆ ತಿರುಗಿತು.

"ಅಕ್ಕ, ನಾನು ಯುದ್ಧ ನೋಡ್ಲೇ ಇಲ್ಲ ಕಣಕ್ಕ" ಎಂದ.

"ಹಂಗಾದ್ರೆ ಮೆಡಲ್ ಯಾತಕ್ಕೆ ಕೊಟ್ರೋ?"

"ಗುಂಡೀಲಿ ಕೂತಿದ್ದಕ್ಕೆ. ನನ್ನ ಮುಂದೆ ಒಂದು ಪೊದೆ ಇತ್ತು. ಪೊದೆ ನೋಡ್ದೆ, ಧೂಳು ನೋಡ್ದೆ, ಅಷ್ಟೆ. ಟ್ಯಾಂಕ್ ಎಲ್ಲಿಂದ ಬಂತು, ನಮ್ಮ ಹುಡುಗ್ರು ಎಲ್ಲಿ ಬಿದ್ರು, ಎಲ್ಲಾ ಆಮೇಲೆ ಮ್ಯಾಪ್ ಮೇಲೆ ಬೆರಳಿಟ್ಟು ಹೇಳಿದ್ರು. ಒಂದ್ಸಲ ಮೇಲಿಂದ, ದ ಹೋಲ್ ಥಿಂಗ್, ನೋಡ್ಬೇಕು. ಕಣ್ಣು ಹೋಗೋಕ್ ಮುಂಚೆ."

ಪಶ್ಚಿಮದ ಮರುಭೂಮಿಯ ಆ ಯುದ್ಧದಲ್ಲಿ ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅದರ ಬಗ್ಗೆ ಅವನು ನನ್ನ ಹತ್ತಿರ ಆಡಿದ ಮೊದಲ ಮಾತು ಇದು. ನಾನು ವಿಧವೆಯಾಗಿ ತವರಿನ ಈ ಕಾಫಿ ಎಸ್ಟೇಟಿಗೆ ಮರಳಿ ಬಂದಾಗ ಅವನು ಏನೂ ಕೇಳದೆ ಪೂರ್ವದ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದ. ಈಗ ನಾನೂ ಏನೂ ಕೇಳಲಿಲ್ಲ.

ಅಪ್ಪ ಒಂದು ಕಾಲದಲ್ಲಿ ತರಿಸಿದ್ದ ಟೇಬಲ್ ಟೆನ್ನಿಸ್ ಟೇಬಲ್ ಹಿಂದಿನ ಹಾಲ್‌ನಲ್ಲಿತ್ತು. ಅದರ ಮೇಲೆ ಆ ಯುದ್ಧವನ್ನೇ ಪುಟ್ಟದಾಗಿ ಕಟ್ಟುವುದೆಂದು ತೀರ್ಮಾನವಾಯಿತು. ಪ್ಲಾಸ್ಟಿಕ್ ಸೈನಿಕರೂ ಟ್ಯಾಂಕುಗಳೂ ಕೊರಿಯರ್‌ನಲ್ಲಿ ಬಂದವು. ಹೆಬ್ಬೆರಳಿನ ಉಗುರಿನಷ್ಟು ಎತ್ತರದ ಮನುಷ್ಯರು. ಅವಕ್ಕೆ ಬಣ್ಣ ಬಳಿಯುವುದು ನನ್ನ ಕೆಲಸ; ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದ ಕ್ರಾಫ್ಟು ಜನ್ಮದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. ದಿಬ್ಬಗಳನ್ನೂ ಅವರು ಕಲಿಸಿದ ಹಾಗೇ ಮಾಡಿದೆ, ಹಳೇ ಪೇಪರು ಮತ್ತು ಮೈದಾ ಗೋಂದಿನಿಂದ.

ತೊಡಕಾದದ್ದು ಮರಳಿನಲ್ಲಿ. ಹೊಳೆಯ ಮರಳನ್ನು ಅವನು ಬೆರಳಲ್ಲಿ ಉಜ್ಜಿ ಬಿಸಾಡಿದ. "ಇದು ಗಾರೆ ಕೆಲಸದ್ದು. ಅಲ್ಲೀದು ಹಿಟ್ಟು ಇದ್ದಂಗೆ ಇರ್ತದೆ, ಬಣ್ಣ ಬಿಸ್ಕೆಟ್ ಥರ."

ಆಗ ನನಗೆ ಹೊಳೆದದ್ದು ಪಾರ್ಚ್‌ಮೆಂಟ್ ಹೊಟ್ಟು. ಮನೆ ಖರ್ಚಿನ ಕಾಫಿ ಬೀಜದ ಸಿಪ್ಪೆ ತೆಗೆಸಿದಾಗ ಮೂಟೆಗಟ್ಟಲೆ ಉಳಿಯುವ ತೆಳು ಹೊಟ್ಟು ಅದು, ಸರಿಯಾಗಿ ಬಿಸ್ಕೆಟ್ ಬಣ್ಣ. ಮಿಕ್ಸಿಗೆ ಹಾಕಿ, ಜರಡಿ ಹಿಡಿದು ತೋರಿಸಿದೆ. ಅವನು ಅಂಗೈಯಲ್ಲಿಟ್ಟುಕೊಂಡು ಊದಿದ. ಅದು ಹಾರಿತು.

"ಇದೇ" ಎಂದ. "ಎಕ್ಸಾಕ್ಟ್ಲಿ ಇದೇ, ಅಕ್ಕ."

ಕಾಫಿ ಒಣಗಿಸುವ ಹಾಗೇ ಆ ಹುಡಿಯನ್ನು ಕಣದಲ್ಲಿ ಹರವಿ, ಕೈಯಾಡಿಸಿ, ಬಿಸಿಲಿಗೆ ಕಾಯಿಸಿದೆವು. ನಮ್ಮ ರೈಟರ್ ಲೇಬರ್ ಲೆಕ್ಕ ಬರೆಯಲು ಬಂದವರು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಏನ್ರಮ್ಮಾವ್ರೆ, ಈ ಸಲ ಬೀಜ ಬುಟ್ಟು ಹೊಟ್ಟು ಮಾರ್ತೀರಾ?"

"ಯುದ್ಧಕ್ಕೆ ಕಣ್ರೀ."

"ಸರಿ ಬುಡಿ. ಕಾಡಾನೆ ಮೇಲೆ ಹೊರಡೋದಾದ್ರೆ ನನ್ನೂ ಕರೀರಿ, ಮಾರಾಯ್ರೆ. ಈ ವರ್ಷ ಅವು ಬಾಳೆ ಒಂದೂ ಉಳ್ಸಿಲ್ಲ."

ತೋಟದ ನೆರಳಿನ ಸಿಲ್ವರ್ ಓಕ್ ಮರಗಳ ಮೇಲಿನ ಒಣ ಪಾಚಿಯನ್ನು ಕಿತ್ತು ಪೊದೆ ಮಾಡಿದೆ. ತಮ್ಮ ಬಾಗಿಲಾಚೆ ಕುರ್ಚಿ ಹಾಕಿಕೊಂಡು, ಇಳಿಜಾರು ಎಲ್ಲಿ, ಬಾವಿ ಎಲ್ಲಿ, ನಮ್ಮವರ ಗುಂಡಿಗಳು ಎಲ್ಲಿ ಎಂದು ಹೇಳುತ್ತಿದ್ದ. ಒಳಗೆ ಬಂದು ನೋಡು ಎಂದರೆ ಒಪ್ಪುತ್ತಿರಲಿಲ್ಲ.

"ಅರ್ಧಂಬರ್ಧ ನೋಡಿದ್ರೆ ಮತ್ತೆ ಪೊದೆ ನೋಡ್ದಂಗೇ ಆಗ್ತದೆ. ಮುಗೀಲಿ."

ಮುಗಿಯುವುದು ನಿಧಾನವಾಯಿತು. ನನ್ನ ಕೈ ನಡುಗುತ್ತದೆ. ಒಬ್ಬ ಸೈನಿಕನ ಪೇಟ ಬಳಿದರೆ ಮುಖ ಹಾಳಾಗುತ್ತಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಹಾಲ್‌ನ ಹೆಂಚಿನಿಂದ ಎರಚಲು ಬೀಳಬಹುದೆಂದು ನಾವು ಮಾಡಿದ್ದು ಈ ಕಡೆಯ ಯಾರಾದರೂ ಮಾಡುವ ಕೆಲಸ: ಕಣದ ಟಾರ್ಪಾಲನ್ನು ತಂದು ಮರುಭೂಮಿಗೆ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿದೆವು. ನಾನು ನನ್ನ ಕೋಣೆಯಲ್ಲಿ ಕೂತು ಕೊನೆಯ ಟ್ಯಾಂಕುಗಳಿಗೆ ಬಣ್ಣ ಬಳಿದೆ.

ಬಳಿದು ಮುಗಿಸಿ ಟಾರ್ಪಾಲ್ ಎತ್ತಿದರೆ, ವಾಸನೆ ಮೊದಲು ಬಂತು. ಚೆನ್ನಾಗಿ ಒಣಗಿದ್ದ ಹೊಟ್ಟು ಮಳೆಗಾಲದ ಗಾಳಿಯನ್ನೆಲ್ಲ ಕುಡಿದು ಊದಿಕೊಂಡಿತ್ತು. ದಿಬ್ಬಗಳ ಮೇಲೆ ಬೂಷ್ಟು, ಬೆಕ್ಕಿನ ಮರಿಯ ಮೈಯಂತೆ ಮೃದುವಾಗಿ, ಬೂದು ಹಸಿರಾಗಿ. ಸೈನಿಕರು ಅದರಲ್ಲಿ ಸೊಂಟದವರೆಗೆ ನಿಂತಿದ್ದರು.

ಹಜಾರದಿಂದ ತಮ್ಮ ಕೂಗಿದ: "ಅಕ್ಕ, ಬೂಷ್ಟು ಬಂತಾ?"

ಸುಳ್ಳು ಹೇಳುವಂತಿರಲಿಲ್ಲ. ಈ ವಾಸನೆ ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು.

"ಬಂದಿದೆ ಕಣೋ. ಸ್ವಲ್ಪ."

ಆ ವಾರ ಅವನು ನನ್ನನ್ನು ಎರಡು ಸಲ ಕೆಲಸದವಳೆಂದುಕೊಂಡು ನೀರು ಕೇಳಿದ್ದ. ನಾನು ತಂದುಕೊಟ್ಟಿದ್ದೆ. ಆದರೆ ಗಡಿಬಿಡಿ ನನ್ನ ಕೈಗೆ ಇಳಿದಿತ್ತು. ಗಿಡಕ್ಕೆ ಬೂಷ್ಟು, ಕೊಳೆ ಬಂದರೆ ನಾವು ಏನು ಮಾಡುತ್ತೇವೆ? ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮಳೆ ಬಿಡುವು ಕೊಟ್ಟಿತ್ತು, ತೋಟಕ್ಕೆ ಅದೇ ಕೆಲಸ ನಡೆಯುತ್ತಿತ್ತು, ಡ್ರಮ್ಮು ಸ್ಟೋರಿನ ಮುಂದೇ ಇತ್ತು. ರೈಟರನ್ನು ಕೇಳಿದೆ.

"ಹೊಡೀರಿ ಅಮ್ಮಾವ್ರೆ, ಅದ್ರಪ್ಪನಂಥ ಬೂಷ್ಟೂ ಹೋಗ್ಬುಡ್ತದೆ" ಎಂದರು.

ಗುಲಾಬಿ ಗಿಡಗಳಿಗೆ ಹೊಡೆಯುವ ಹ್ಯಾಂಡ್ ಸ್ಪ್ರೇಯರ್ ತುಂಬಿಸಿಕೊಂಡು, ಟೇಬಲ್ಲಿನ ನಾಲ್ಕೂ ಕಡೆಯಿಂದ, ಎಲೆಯ ಅಡಿಭಾಗಕ್ಕೆ ತಾಗುವಂತೆ ಹೊಡೆಯುವಷ್ಟು ಶ್ರದ್ಧೆಯಿಂದ ಹೊಡೆದೆ. ಬೂಷ್ಟು ನಿಜಕ್ಕೂ ಸತ್ತಿತು. ಒಣಗಿದ ಮೇಲೆ ನೋಡಿದರೆ ಮರುಭೂಮಿಯೆಲ್ಲ ತಿಳಿ ನೀಲಿ. ಜೀವಮಾನವೆಲ್ಲ ನೀಲಿ ಕಲೆ ಬಿದ್ದ ಎಲೆಗಳನ್ನೇ ನೋಡಿದವಳಿಗೆ ಆ ಕ್ಷಣದವರೆಗೂ ಅದೊಂದು ಬಣ್ಣ ಅನ್ನಿಸಿರಲಿಲ್ಲ.

ಅಷ್ಟು ಹೊತ್ತಿಗೆ ತಮ್ಮ ಬಾಗಿಲಲ್ಲಿ ನಿಂತಿದ್ದ. ಏನನ್ನಾದರೂ ನೋಡಬೇಕೆಂದರೆ ಈಗ ಅವನು ಮುಖ ಬೇರೆ ಕಡೆ ತಿರುಗಿಸಬೇಕು. ಕಿಟಕಿಯ ಕಡೆ ತಿರುಗಿ, ಕಣ್ಣಂಚಿನಿಂದ ಟೇಬಲ್ಲನ್ನು ಹುಡುಕಿದ.

"ಸಮುದ್ರ ಮಾಡ್ಬುಟ್ಯಲ್ಲಕ್ಕ" ಎಂದು ನಕ್ಕ. ನಾನೂ ನಕ್ಕೆ. "ನೇವಿಯೋರಿಗೆ ಕೊಡೋಣ" ಎಂದು ಹೇಳಿ ಹೋಗಿ ಮಲಗಿದ.

ಮಳೆ ಹಿಂದೆ ಸರಿಯುವವರೆಗೆ ಕಾದೆ. ಹೊಟ್ಟನ್ನೆಲ್ಲ ಕೆರೆದು ತಿಪ್ಪೆಗೆ ಹಾಕಿಸಿ, ಅದೇ ಹೊಳೆ ಮರಳನ್ನು ಬಟ್ಟೆಯಲ್ಲಿ ಸೋಸಿ, ಹುರಿದು, ಹಳದಿ ಪೇಂಟಿನಲ್ಲಿ ಕಲಸಿ ಹಚ್ಚಿದೆ. ಗುಂಡಿ, ಬಾವಿ, ಟ್ಯಾಂಕು, ಬಿದ್ದ ಹುಡುಗರು, ಎಲ್ಲವನ್ನೂ ಅವನು ಹೇಳಿದ್ದ ಜಾಗದಲ್ಲೇ ಇಟ್ಟೆ. ಅವನ ಪೊದೆಯನ್ನೂ. ಬೆಳಗಿನ ಕಾಫಿ ಆದ ಮೇಲೆ, "ಮುಗೀತು, ಬಾರೋ" ಎಂದು ಕರೆದೆ.

ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಟೇಬಲ್ಲಿನ ಸುತ್ತ ಅಂಚು ಹಿಡಿದುಕೊಂಡು ನಡೆದ. ಗೋಡೆ ನೋಡಿದ, ಕಿಟಕಿ ನೋಡಿದ, ಸೂರು ನೋಡಿದ. ಯಾವುದನ್ನು ನೋಡಿದರೆ ಯುದ್ಧ ಕಂಡೀತೆಂದು ಹುಡುಕುತ್ತಿದ್ದ.

"ಹಳದಿ ಇದೆ" ಎಂದ ಕೊನೆಗೆ. "ಚೆನ್ನಾಗಿದೆ. ಅದರೊಳಗೆ ಏನೇನಿದೆ?"

ನಾನು ಅವನ ಕೈ ಹಿಡಿದು, ತೋರುಬೆರಳನ್ನು ಮೆಲ್ಲಗೆ ಮೊದಲ ದಿಬ್ಬದ ಮೇಲೆ ಇಟ್ಟೆ. "ನೋಡು, ಇಲ್ಲಿಂದ ಟ್ಯಾಂಕ್ ಬಂತು. ಇಲ್ಲಿ..."

ಅವನು ಬೆರಳು ಬಿಡಿಸಿಕೊಂಡ. ಒರಟಾಗಿ ಅಲ್ಲ.

"ಬೆರಳಿಟ್ಟು ಹೇಳೋದು ಆಗಿದೆ ಬಿಡಕ್ಕ" ಎಂದ. "ಅವತ್ತು ಮ್ಯಾಪ್ ಮೇಲೆ ಅವರೂ ಹಂಗೇ ಹೇಳಿದ್ರು."

ಅವನು ಹೊರಗೆ ಹೋಗಿ ಕಣದ ಕಟ್ಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ರೈಟರ್ ಬಂದು, ಕಾಫಿ ಹಣ್ಣು ಕೊಯ್ಲಿಗೆ ಬಂದೈತೆ, ಕಣದ ಟಾರ್ಪಾಲ್ ಬೇಕಿತ್ತು ಎಂದರು. ಮಡಿಸಿ ಕೊಟ್ಟೆ.